ಎದ್ದು ಹೊಂಟರೂ ಕರೆಯದ ಅಂಗಡಿ

ನನ್ನ ಕಾಲಲ್ಲಿರುವ ಈ ಕರಿ ಬೂಟಿಗೆ ನಾನು ಕೊಟ್ಟದ್ದು ಹತ್ತೊಂಬತ್ತು ನೂರು ರೂಪಾಯಿ. ಇದೇ ಬೂಟು, ಇದೇ ಅಳತೆ, ಅದಕ್ಕೆ ಕೆಲವು ವಾರ ಮೊದಲು ಹದಿನಾಲ್ಕು ನೂರಕ್ಕೆ ನನ್ನ ಮನೆಯ ಪಡಸಾಲೆಗೆ ಬಂದಿತ್ತು. ಕಾಲಿಗೆ ಹೊಂದಿತ್ತು ಕೂಡ. ಅದನ್ನು ನಾನೇ ಡಬ್ಬಿಗೆ ಹಾಕಿ ವಾಪಸ್ ಕಳಿಸಿದೆ. ಆಮೇಲೆ ಐನೂರು ಹೆಚ್ಚು ಕೊಟ್ಟು, ಒಂದು ರೂಪಾಯಿಯನ್ನೂ ಕಡಿಮೆ ಮಾಡಿಸದೆ ಕೊಂಡೆ. ಸೂಜಿ ಕೊಳ್ಳುವಾಗಲೂ ಮೇಲೊಂದು ಹಾಕಿಸಿಕೊಳ್ಳುವ ಹೆಂಗಸು ನಾನು. ಭಾಗ್ಯನಗರದಲ್ಲಿ ನನ್ನನ್ನು ಬಲ್ಲವರು ಈ ಮಾತನ್ನು ನಂಬಲಿಕ್ಕಿಲ್ಲ. ಯಾಕೆ ಹಾಗಾಯಿತು ಅಂತ ಹೇಳುತ್ತೇನೆ, ಓದಿದರೆ ನಿಮ್ಮ ಐನೂರಾದರೂ ಉಳಿದೀತು.

ಕೊಪ್ಪಳ ಜಿಲ್ಲೆಯಾದ ವರ್ಷ, ೧೯೯೭ರಲ್ಲಿ, ನಾನು ಸೀರೆ ಗಂಟು ಹೊತ್ತೆ. ನಮ್ಮ ಮನೆಯಲ್ಲಿ ಮಗ್ಗವಿತ್ತು. ಮನೆಯವರು ನೇಯುತ್ತಿದ್ದರು, ನಾನು ಕಂಡಿಕೆಗೆ ನೂಲು ಸುತ್ತುತ್ತಿದ್ದೆ, ಸಾಹುಕಾರ ಬಂದು ತಾನೇ ಬೆಲೆ ಹೇಳಿ ಸೀರೆ ಒಯ್ಯುತ್ತಿದ್ದ. ಬೆಲೆ ಹೇಳುವವನು ಯಾವಾಗಲೂ ಅವನೇ ಯಾಕೆ ಅಂತ ಒಂದು ದಿನ ನನಗೆ ಅನಿಸಿತು. ಜಿಲ್ಲೆಯಾದ ಮೇಲೆ ಊರಿಗೆ ಕಚೇರಿಗಳು ಬಂದವು, ಕಚೇರಿಯ ಹಿಂದೆ ಬಾಡಿಗೆ ಮನೆ ಹಿಡಿದ ನೌಕರರು ಬಂದರು, ಅವರ ಜೊತೆ ಅವರ ಹೆಂಡಂದಿರು ಬಂದರು. ಉಡುವವರು ಬಾಗಿಲಿಗೇ ಬಂದಿರುವಾಗ ನಡುವೆ ಸಾಹುಕಾರ ಯಾಕೆ? ನಮ್ಮ ಮಗ್ಗದ ನಾಲ್ಕು ಸೀರೆ, ನೆರೆಮನೆಯ ಮಗ್ಗದ ನಾಲ್ಕು ಸೀರೆ, ಹಳೆಯ ಚಾದರದಲ್ಲಿ ಕಟ್ಟಿಕೊಂಡು ಹೊರಟೆ. ಸ್ವಲ್ಪ ದಿನಕ್ಕೆ ಕೊಪ್ಪಳ ಸಾಲದಾಯಿತು. ಬಸ್ ಹತ್ತಿ ಕುಷ್ಟಗಿ, ಯಲಬುರ್ಗಾ, ಗಂಗಾವತಿ ಸುತ್ತತೊಡಗಿದೆ.

ಒಂದೊಂದು ಊರಿನ ಚೌಕಾಶಿ ಒಂದೊಂದು ಬಗೆ. ಕುಷ್ಟಗಿಗೆ ಇಳಕಲ್ಲು ಹತ್ತಿರ, ಅಲ್ಲಿಯ ಹೆಂಗಸರು ಸೆರಗನ್ನು ಬೆರಳ ನಡುವೆ ತಿಕ್ಕಿಯೇ ದಾರ ಯಾವುದು ಅಂತ ಹೇಳುತ್ತಾರೆ. ಬೆಲೆ ಕೇಳಿದ ಕೂಡಲೇ ಸೀರೆ ಕೆಳಗಿಟ್ಟು, "ಛಲೋ ಐತಿ ಬಿಡ್ರಿ, ಯಾರಿಗರ ಆಗ್ತೈತಿ" ಅಂದು ಒಲೆಯ ಕಡೆ ನಡೆದುಬಿಡುತ್ತಾರೆ. ಗಂಗಾವತಿ ಕಡೆ ಭತ್ತ ಬೆಳೆಯಲು ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ತೆಲುಗು ಹೆಂಗಸರು ನಗುನಗುತ್ತಲೇ ಅರ್ಧಕ್ಕೆ ಕೇಳುತ್ತಾರೆ, ಭತ್ತ ಮಾರಿದ ವಾರ ಮಾತ್ರ ಕೇಳಿದಷ್ಟು ಕೊಡುತ್ತಾರೆ. ಎಲ್ಲರಿಗೂ ನನ್ನ ಮದ್ದು ಒಂದೇ: ಗಂಟು ಕಟ್ಟುವುದು. ಅವಸರವಿಲ್ಲದೆ ಒಂದೊಂದೇ ಸೀರೆ ಮಡಿಸಿ, ಗಂಟು ಬಿಗಿದು, ತಲೆಯ ಮೇಲಿಟ್ಟುಕೊಂಡು ಹೊಸ್ತಿಲು ದಾಟಿದರೆ ಹಿಂದಿನಿಂದ ಕೂಗು ಬರುತ್ತದೆ.

"ಏ ಸೀರಿಯಕ್ಕಾ, ಬಾ ಇಲ್ಲೆ. ಎಷ್ಟ್ ಸಿಟ್ಟವ್ವಾ ನಿನಗ."

ಪಾತ್ರೆ, ಮೆಣಸಿನಕಾಯಿ, ಚಪ್ಪಲಿ ಕೊಳ್ಳುವಾಗ ನಾನೂ ಇದನ್ನೇ ಮಾಡುತ್ತಿದ್ದೆ. ಎದ್ದು ಹೊಂಟರೆ ಕರೆಯುತ್ತಾರೆ. ಈ ಒಂದು ಮಾತಿನ ಮೇಲೆ ನಾನು ಮನೆ ಕಟ್ಟಿಸಿದ್ದೇನೆ, ಮಗನ ಮದುವೆ ಮಾಡಿದ್ದೇನೆ.

ಇನ್ನೊಂದು ಪದ್ಧತಿಯನ್ನೂ ಇಟ್ಟುಕೊಂಡಿದ್ದೆ. ಹಗಲು ಹೊತ್ತು ಮನೆಯಲ್ಲಿ ಇರುತ್ತಿದ್ದವರು ಹೆಂಗಸರು, ರೊಕ್ಕ ಇರುತ್ತಿದ್ದದ್ದು ಗಂಡಸರ ಜೇಬಿನಲ್ಲಿ ಇಲ್ಲಾ ಅತ್ತೆಯ ಸೊಂಟದಲ್ಲಿ. ಅದಕ್ಕೇ ನಾನು ಸೀರೆ ಬಿಟ್ಟು ಬರುತ್ತಿದ್ದೆ. "ಇಟ್ಕೊಂಡು ನೋಡ್ರಿ, ಮನ್ಯಾಗ ತೋರಸ್ರಿ. ಬ್ಯಾಡಾದ್ರ ನಾ ಮುಂದ ಬಂದಾಗ ವಾಪಸ್ ಕೊಡ್ರಿ. ಗಳಿಗಿ ಮಾತ್ರ ಮುರೀಬ್ಯಾಡ್ರಿ." ಹೊಸ ಸೀರೆಯ ಮಡಿಕೆ ಬಿಚ್ಚಿ ಮೊದಲ ಸಲ ಉಡುವುದಕ್ಕೆ ನಮ್ಮಲ್ಲಿ ಗಳಿಗಿ ಮುರಿಯುವುದು ಅನ್ನುತ್ತೇವೆ. ಜೊತೆಯಲ್ಲಿ ತಿರುಗುತ್ತಿದ್ದ ಸೀರೆ ಮಾರುವವರು ನನಗೆ ಹುಚ್ಚು ಅನ್ನುತ್ತಿದ್ದರು. ಹುಚ್ಚಲ್ಲ. ಒಂದು ರಾತ್ರಿ ಮನೆಯಲ್ಲಿ ಉಳಿದ ಸೀರೆ ಅರ್ಧ ಆ ಮನೆಯದೇ ಆಗಿಬಿಡುತ್ತದೆ. ವಾಪಸ್ ಕೊಡಲು ಎದ್ದು ಟ್ರಂಕು ತೆಗೆಯುವಾಗ ಅವರ ಕೈಗೇ ಬೇಜಾರಾಗುತ್ತದೆ.

ಹಾಗೆ ಬೇಜಾರಾಗದ ಒಬ್ಬರೇ ಒಬ್ಬರು ಯಲಬುರ್ಗಾದಲ್ಲಿದ್ದರು. ಸಾಲಿ ಮಾಸ್ತರರ ಹೆಂಡತಿ, ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವರು. ನಾನು ಅಕ್ಕಾರ ಅನ್ನುತ್ತಿದ್ದೆ. ಹೋದಾಗಲೆಲ್ಲ ಒಂದು ಸೀರೆ ಇಟ್ಟುಕೊಳ್ಳುವರು, ಮುಂದಿನ ಸಲ ವಾಪಸ್ ಕೊಡುವರು. ಒಳಗಿನಿಂದ ಅವರ ಅತ್ತೆಯ ಧ್ವನಿ ಬರುತ್ತಿತ್ತು: "ಮತ್ತ ವಾಪಸ್ಸೇನು? ಸೀರಿಯಕ್ಕಾ, ನಮ್ಮಾಕಿ ಕೊಳ್ಳಾಕಿ ಅಲ್ಲವ್ವಾ, ಬರೇ ನೋಡಾಕಿ."

ಒಮ್ಮೆ ಅವರು ಕೊಟ್ಟ ಹಸಿರು ಸೀರೆಯನ್ನು ಬಸ್ ನಿಲ್ದಾಣದಲ್ಲಿ ಕೂತು ನೋಡಿದೆ. ಮಡಿಕೆಯೇನೋ ನೀಟಾಗಿಯೇ ಇತ್ತು. ಬಿಚ್ಚಿದರೆ ನಿರಿಗೆಯ ಜಾಗದಲ್ಲಿ ಒಂದು ಅಕ್ಕಿಕಾಳು, ಅರಿಷಿಣ ಹತ್ತಿದ ಅಕ್ಕಿಕಾಳು. ಯಾವುದೋ ಮದುವೆಯ ಅಕ್ಷತೆ. ಸೀರೆ ಉಟ್ಟು, ಒಣಗಿಸಿ, ಇಸ್ತ್ರಿ ಮಾಡಿ, ಗಳಿಗಿ ಮುರಿದೇ ಇಲ್ಲವೇನೋ ಎನ್ನುವ ಹಾಗೆ ಮಡಿಸಿದ್ದರು. ನನಗೆ ಸಿಟ್ಟು ಬಂತು. ಮುಂದಿನ ಸಲ ಹೋದಾಗ ಕೇಳಿಯೇಬಿಡಬೇಕು ಅಂದುಕೊಂಡು ಹೋದೆ. ಅವರ ಕಟ್ಟೆಯ ಮೇಲೆ ಗಂಟು ಇಳಿಸುವ ಮೊದಲೇ ಎದುರುಮನೆಯವಳು ಬಂದಳು.

"ಸೀರಿಯಕ್ಕಾ, ಮಾಸ್ತರ ಮನಿ ಅಕ್ಕಾರು ಮದುವಿಗೆ ಉಟ್ಟಿದ್ರಲ್ಲ, ಹಸರದ್ದು, ಅಂಥಾದ್ದು ಇನ್ನೊಂದೈತೇನು?"

ಅವಳ ಹಿಂದೆ ಇನ್ನಿಬ್ಬರು. ಅಕ್ಕಾರು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅಕ್ಕಿಕಾಳಿನ ಸುದ್ದಿ ಎತ್ತಲಿಲ್ಲ. ಅವತ್ತು ಗಂಟಿನಲ್ಲಿದ್ದದ್ದರಲ್ಲಿ ಎಲ್ಲಕ್ಕಿಂತ ಛಲೋ ಸೀರೆ ಯಾವುದಿತ್ತೋ ಅದನ್ನು ತೆಗೆದು, "ಅಕ್ಕಾರ, ಇದನ್ನ ಇಟ್ಕೊಂಡು ನೋಡ್ರಿ" ಅಂದೆ. ಅವರು ಒಳಗೆ ಹೋಗಿ ಚಹಾ ತಂದರು.

ಆಮೇಲೆ ವರ್ಷಗಟ್ಟಲೆ ಹಾಗೇ ನಡೆಯಿತು. ಅವರು ಒಂದೂ ಕೊಳ್ಳಲಿಲ್ಲ, ಆದರೆ ಅವರ ಮೈಮೇಲೆ ನೋಡಿ ಓಣಿಯೆಲ್ಲ ಕೊಂಡಿತು. ವ್ಯಾಪಾರದಲ್ಲಿರುವವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಪದೇ ಪದೇ ವಾಪಸ್ ತರುವವರನ್ನು ಕಳ್ಳರ ಹಾಗೆ ನೋಡಬೇಡಿ. ಕೆಲವರಿಗೆ ಹೊಸ ಬಟ್ಟೆ ಬೇಕು, ಕೊಳ್ಳುವ ಹಕ್ಕಿಲ್ಲ. ಒಂದು ವಾರ ಮೈಮೇಲೆ ಇದ್ದರೂ ಅವರಿಗೆ ಸಾಕು.

ಮುಂದೆ ನಾನು ತಿರುಗುವುದು ಬಿಟ್ಟು ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಇಟ್ಟೆ. ಎಲ್ಲರ ಕೈಯಲ್ಲೂ ದೊಡ್ಡ ಫೋನು ಬಂದ ಕಾಲಕ್ಕೆ ನನಗೆ ಸಕ್ಕರೆ ಕಾಯಿಲೆ ಬಂದು ಹಳೆಯದಾಗಿತ್ತು. ಒಂದು ದಿನ ಬಳೆಚೂರು ತುಳಿದಿದ್ದೆ. ತುಳಿದದ್ದು ನನಗೆ ಗೊತ್ತಿಲ್ಲ. ಸೊಸೆ ನೆಲ ಒರೆಸುವಾಗ ರಕ್ತದ ಕಲೆ ಹಿಡಿದು ನನ್ನ ತನಕ ಬಂದಳು. ಎಡಗಾಲಿನ ಕಿರುಬೆರಳ ಬುಡದಲ್ಲಿ ಚೂರು ಇತ್ತು. ಆ ಗಾಯ ಮಾಯಲು ತಿಂಗಳುಗಟ್ಟಲೆ ಹಿಡಿಯಿತು. ಕೊಪ್ಪಳದ ಡಾಕ್ಟರಮ್ಮ ಗಟ್ಟಿ ದಾರದ ತುದಿಯಿಂದ ನನ್ನ ಪಾದವನ್ನು ಅಲ್ಲಲ್ಲಿ ಮುಟ್ಟಿ, "ಗೊತ್ತಾತೇನ್ರಿ, ಈಗ ಗೊತ್ತಾತೇನ್ರಿ" ಅಂತ ಕೇಳಿದರು. ಅವರು ಮುಟ್ಟುವುದು ಯಾವಾಗ ಅಂತ ನಾನು ಇನ್ನೂ ಕಾಯುತ್ತಿದ್ದೆ.

"ಅವ್ವಾರ, ಈ ಕಾಲು ನಿಮಗ ಸುದ್ದಿ ಹೇಳೋದು ಬಿಟ್ಟೈತಿ," ಅಂದರು. "ಬರಿಗಾಲು ಬಂದ್. ಹವಾಯಿ ಚಪ್ಪಲಿ ಬಂದ್. ಬೆರಳು ಮುಚ್ಚೋ ಬೂಟು ಬೇಕು, ಮುಂದ ಅಗಲ ಇರಬೇಕು, ಒಳಗ ಹೊಲಿಗಿ ಹತ್ತಬಾರದು. ಇನ್ನೊಮ್ಮೆ ಅದಾ ಜಾಗಾದಾಗ ಗಾಯ ಆದ್ರ ಬೆರಳು ತಗೀಬೇಕಾಗ್ತೈತಿ. ಬೆರಳಿಗೆ ಮುಗದ್ರ ಪುಣ್ಯಾ ಅನ್ರಿ."

ಊರೂರು ತಿರುಗಿ ಅನ್ನ ತಿಂದ ಕಾಲು. ಬೆರಳು ಸಣ್ಣದು, ಹೆದರಿಕೆ ಸಣ್ಣದಾಗಿರಲಿಲ್ಲ.

ಪೇಟೆಗೆ ಹೋದೆ. ಸೀರೆ ಉಡುವ ಹೆಂಗಸರಿಗೆ ಬೂಟು ಇಡುವ ಅಂಗಡಿ ಎಲ್ಲಿರುತ್ತದೆ? "ಸಾಹೇಬ್ರಿಗೇನ್ರಿ?" ಅಂತ ಕೇಳಿದ ಅಂಗಡಿಯವನು.

"ನನಗ."

"ನಿಮಗ? ವಾಕಿಂಗಿಗೇನ್ರಿ?"

"ಬದುಕಾಕ," ಅಂದೆ. ಅವನು ನಗಲಿಲ್ಲ.

ಒಂದು ಡಬ್ಬಿ ತೆಗೆದ, ಮುಂದೆ ಇಕ್ಕಟ್ಟು. ಇನ್ನೊಂದು ತೆಗೆದ, ಹಿಮ್ಮಡಿ ಜಾರುತ್ತದೆ. ಮೂರನೆಯದು ಕೇಳಿದಾಗ ನಿಟ್ಟುಸಿರು ಬಿಟ್ಟು ಏಣಿ ಹತ್ತಿದ. ಬೆಂಚಿನ ಮೇಲೆ ಇಬ್ಬರು ಗಂಡಸರು ಕೂತಿದ್ದರು. ಒಡೆದ ಹಿಮ್ಮಡಿ, ಊದಿದ ಪಾದ, ಕಪ್ಪಿಟ್ಟ ಗಾಯದ ಕಲೆ, ಇದನ್ನೆಲ್ಲ ಅವರ ಎದುರು ಚಾಚಿ ಕೂರಲು ನನಗೆ ನಾಚಿಕೆಯಾಯಿತು. ನೂರು ಸೀರೆ ಬಿಚ್ಚಿ ತೋರಿಸಿ ಒಂದೂ ಮಾರದೆ ಗಂಟು ಕಟ್ಟಿದವಳು ನಾನು, ಮೂರನೆಯ ಡಬ್ಬಿಗೆ ಸೋತೆ. ಗಲ್ಲಾಪೆಟ್ಟಿಗೆಯ ಮೇಲೆ ಬೋರ್ಡಿತ್ತು: ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ. ನನ್ನ ಕಾಲಿಗೆ ಬೂಟು ಕಚ್ಚುವುದು ಗೊತ್ತಾಗುವುದು ಮನೆಗೆ ಹೋಗಿ, ಬಿಚ್ಚಿ, ಇನ್ನೊಬ್ಬರು ನೋಡಿದ ಮೇಲೆ. ಅಂಥವರಿಗೆ ಆ ಬೋರ್ಡು ಬಾಗಿಲು ಹಾಕಿದ ಹಾಗೆಯೇ. ಎದ್ದು ಬಂದೆ. ಯಾರೂ ಕರೆಯಲಿಲ್ಲ.

ಮನೆಯಲ್ಲಿ ಸೊಸೆ ಹೇಳಿದಳು, "ಅತ್ತಿ, ಫೋನಿನ್ಯಾಗ ತರಸೂಣ್ರಿ. ಮನ್ಯಾಗ ಕುಂತು ಹಾಕ್ಕೊಂಡು ನೋಡ್ರಿ. ಹೊಂದಲಿಲ್ಲಂದ್ರ ಅವರಾ ಬಂದು ಒಯ್ತಾರ."

"ಒಯ್ಯಾಕ ಎಷ್ಟು ಮುರಕೊಂತಾರ?"

"ಏನಿಲ್ರಿ, ಫುಕಟ್."

"ಫುಕಟ್ ಅನ್ನೋ ವ್ಯಾಪಾರಸ್ಥನ ಎರಡೂ ಕೈ ನೋಡಬೇಕವ್ವಾ."

"ನಿಮ್ಮದಾ ಧಂದೇ ಅಲ್ಲೇನ್ರಿ ಅತ್ತಿ ಅದು? ಇಟ್ಕೊಂಡು ನೋಡ್ರಿ, ಬ್ಯಾಡಾದ್ರ ವಾಪಸ್ ಕೊಡ್ರಿ." ಹೀಗೆ ನನ್ನ ಮಾತಿನಿಂದಲೇ ನನ್ನ ಬಾಯಿ ಮುಚ್ಚಿಸಿದಳು.

ಮೊದಲನೆಯ ಜೋಡಿ ಬಂತು, ಹೊಂದಲಿಲ್ಲ, ಹೋಯಿತು. ಎರಡನೆಯದು ಬಂತು, ಹೊಂದಲಿಲ್ಲ, ಹೋಯಿತು. ರೊಕ್ಕ ಬ್ಯಾಂಕಿಗೆ ವಾಪಸ್ ಬಂತು. ತಂದು ಒಯ್ಯುವವನು ಭಾಗ್ಯನಗರದವನೇ, ಎರಡು ಮಕ್ಕಳ ತಂದೆ. ಬೂಟಿನ ಅಡಿಯನ್ನು ತಿರುಗಿಸಿ ನೋಡಿ, ಫೋಟೋ ಹೊಡೆದು, ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಧೂಳು ಹತ್ತಿದ್ದರೆ ಅವನೇ ಉತ್ತರ ಕೊಡಬೇಕಂತೆ. ಅದಕ್ಕೇ ನಾನು ಜಮಖಾನದ ಮೇಲೆ ಮಾತ್ರ ನಡೆದು ನೋಡುತ್ತಿದ್ದೆ.

"ಅವ್ವಾರ, ನಿಮ್ಮ ಮನಿ ದಾರಿ ನನ್ನ ಗಾಡಿಗೇ ಗೊತ್ತಾಗೇತ್ರಿ," ಅಂದ ಒಮ್ಮೆ.

"ನಾ ಒಬ್ಬಾಕೆನಾ ಹಿಂಗ?"

"ಇಲ್ಲ ಬಿಡ್ರಿ. ಅಂಗಡ್ಯಾಗ ನಾಕು ಡಬ್ಬಿ ತೆಗಸಾಕ ನಾಚೋರು ಎಲ್ಲಾ ಮನ್ಯಾಗ ತೆಗಸ್ತಾರ. ಒಬ್ರು ಒಂದಾ ಬೂಟು ಮೂರು ಅಳತ್ಯಾಗ ತರಸಿ ಎರಡು ಕಳಸ್ತಾರ. ಒಬ್ಬಾಕಿ ಗಂಡ ಬೈತಾನಂತ ಅವ ಬರೂದ್ರಾಗ ವಾಪಸ್ ಕೊಡ್ತಾಳ. ನನಗ ಎಲ್ಲಾ ಒಂದಾ ರೀ, ಹಾದಿಯಂತೂ ಸವೀತೈತಿ."

ಇಲ್ಲಿ ನಾನೊಂದು ಗಮನಿಸಿದೆ. ವಾಪಸ್ ಕಳಿಸಿದ ಎರಡನೆಯ ಜೋಡಿಯ ಬೆಲೆ, ನಾಲ್ಕು ದಿನ ಬಿಟ್ಟು ನೋಡಿದರೆ, ನೂರು ರೂಪಾಯಿ ಇಳಿದಿತ್ತು. ಸೊಸೆಗೆ ತೋರಿಸಿದೆ.

"ನೋಡಿದ್ಯಾ? ಎದ್ದು ಹೊಂಟ್ವಿ, ಕರದ್ರು."

"ಅತ್ತಿ, ಅಲ್ಲೆ ಕರಿಯಾಕ ಯಾರೂ ಕುಂತಿಲ್ರಿ. ಬೆಲಿ ತಾನಾ ಏರತೈತಿ, ತಾನಾ ಇಳೀತೈತಿ."

"ತಾನಾ ಇಳಿಯೋ ಬೆಲಿ ನಾ ಯಾವ ಸಂತ್ಯಾಗೂ ಕಂಡಿಲ್ಲ."

ಮೂರನೆಯದೇ ಈ ಕರಿ ಬೂಟು. ಹಾಕಿದ ಕೂಡಲೇ ಕಾಲು ಒಳಗೆ ಕೂತಿತು. ಸೊಸೆ ಬೆರಳು ತೂರಿಸಿ ಕಿರುಬೆರಳ ಸುತ್ತ ಮುಟ್ಟಿ ನೋಡಿ, "ಜಾಗಾ ಐತ್ರಿ, ಒಳಗ ಹತ್ತಿ ಇದ್ದಂಗೈತಿ. ಇದ ಇರಲಿ" ಅಂದಳು. ಒಂದು ಹೊತ್ತು ಹಾಕಿಕೊಂಡೇ ಕೂತೆ, ಬಿಚ್ಚಿ ನೋಡಿದರೆ ಎಲ್ಲೂ ಕೆಂಪಾಗಿರಲಿಲ್ಲ. ಎಷ್ಟು ಅಂದೆ. ಹದಿನಾಲ್ಕು ನೂರು ಅಂದಳು. ಇಪ್ಪತ್ತು ವರ್ಷದ ನಾಲಿಗೆ ಸುಮ್ಮನಿರುತ್ತದೆಯೇ? ಮೊದಲು ಹೇಳಿದ ಬೆಲೆಗೇ ಕೊಂಡವಳು ಅಂತ ಅನಿಸಿಕೊಳ್ಳುವುದು ನನಗಾಗದು. ವಾಪಸ್ ಕಳಿಸು ಅಂದೆ, ಇಳಿದ ಮೇಲೆ ತರಿಸೋಣ.

"ಹೊಂದೇತಲ್ರಿ?"

"ಹೊಂದೇತಿ ಅಂತ ಅವರಿಗೆ ಯಾಕ ಗೊತ್ತಾಗಬೇಕು? ಬೇಕು ಅನ್ನೋದು ಮುಖದಾಗ ಕಾಣಬಾರದು."

ಕಳಿಸಿದೆವು. ದಿನಾ ಸಂಜೆ ನೋಡಿದೆವು. ಬೆಲೆ ಇಳಿಯಲಿಲ್ಲ. ಆಮೇಲೆ ಅದೇ ಚಿತ್ರ, ಅದೇ ಕರಿ ಬಣ್ಣ, ಹನ್ನೆರಡೂವರೆ ನೂರಕ್ಕೆ ಕಾಣಿಸಿತು. ನಾನು ಸೊಸೆಯ ಮುಖ ನೋಡಿದ ರೀತಿ ಅವಳಿಗೆ ಇನ್ನೂ ನೆನಪಿದೆಯಂತೆ. ತರಿಸಿದೆವು. ಬಂದದ್ದು ಬೇರೆ ಯಾವನೋ ಮಾರುವವನದು. ನೋಡಲು ಅಣ್ಣತಮ್ಮ, ಮುಂದೆ ಮಾತ್ರ ಇಕ್ಕಟ್ಟು. ವಾಪಸ್ ಕಳಿಸಲು ಒತ್ತಿದರೆ ಫೋನು ಒಪ್ಪಲಿಲ್ಲ. ಈ ನಂಬರಿನಿಂದ ವಾಪಸಾತಿ ಹೆಚ್ಚಾಗಿದೆ, ಸದ್ಯಕ್ಕೆ ಸೌಲಭ್ಯವಿಲ್ಲ ಅಂತ ಬಂತು. ಮೊದಲಿನ ಕರಿ ಬೂಟು ಹುಡುಕಿದರೆ ಅದರ ಕೆಳಗೆ, ಮಾಲು ಮುಗಿದಿದೆ.

ಸೊಸೆ ಸಹಾಯದ ನಂಬರಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟಳು. ಒಂದು ಹುಡುಗಿಯ ಧ್ವನಿ, ಬೆಂಗಳೂರು ಕಡೆಯ ಕನ್ನಡ.

"ನೋಡವ್ವಾ ತಂಗಿ, ಇಪ್ಪತ್ತು ವರ್ಷ ನಾ ಮಂದಿ ಕಡೆಯಿಂದ ವಾಪಸ್ ತೊಗೊಂಡೀನಿ, ಒಬ್ಬರಿಗೂ ಬ್ಯಾಡ ಅಂದಿಲ್ಲ. ಇದೊಂದು ತೊಗೊಂಡುಬಿಡು. ಬೇಕಾದ್ರ ಗಾಡಿ ಖರ್ಚು ಮುರಕೋ."

"ಮೇಡಂ, ನೀವ್ ಹೇಳ್ತಿರೋದು ಅರ್ಥ ಆಗುತ್ತೆ. ಆದ್ರೆ ನನಗೆ ಇಲ್ಲಿ ಆ ಬಟನ್ನೇ ಬರ್ತಿಲ್ಲ ಮೇಡಂ."

ಅವಳ ಧ್ವನಿಯಲ್ಲಿ ಕನಿಕರವಿತ್ತು. ಆದರೆ ಕನಿಕರಕ್ಕೆ ಬಟನ್ ಇರಲಿಲ್ಲ. ಎದುರು ಮನುಷ್ಯರಿದ್ದರೆ ಚೌಕಾಶಿ. ಎದುರು ಯಾರೂ ಇಲ್ಲದ ಕಡೆ ಗಂಟು ಕಟ್ಟಿ ಹೊಸ್ತಿಲು ದಾಟಿದರೆ, ದಾಟಿದ ಹಾಗೇ.

ಅದೇ ವಾರ ಯಲಬುರ್ಗಾದಿಂದ ಅಕ್ಕಾರ ಫೋನು ಬಂತು. ತಮ್ಮ ಸೊಸೆಗೆ ಕುಬಸ, ಸೀಮಂತದ ಶಾಸ್ತ್ರ ಇದೆ, ಬಸುರಿಗೆ ಉಡಿಸಲು ಹಸಿರು ಸೀರೆ ಬೇಕು, ನೀನೇ ತಾ ಅಂದರು. ಅವರ ಅತ್ತೆ ತೀರಿ ಬಹಳ ದಿನವಾಗಿತ್ತು. ಈಗ ರೊಕ್ಕ ಅವರ ಸೊಂಟದಲ್ಲಿತ್ತು. ನಾಲ್ಕು ಹಸಿರು ಸೀರೆ ಚೀಲಕ್ಕೆ ಹಾಕಿಕೊಂಡೆ. ಕಾಲಿಗೆ ಆ ಇಕ್ಕಟ್ಟಿನ ಬೂಟು ಹಾಕಿದೆ.

"ಅತ್ತಿ, ಅದು ಬ್ಯಾಡ್ರಿ," ಅಂದಳು ಸೊಸೆ.

"ಹಾಕ್ಕೊಂತ ಹಾಕ್ಕೊಂತ ಅಗಲ ಆಗ್ತೈತಿ. ನನಗೇನೂ ಹತ್ತವಲ್ದು ನೋಡು."

ಹತ್ತವಲ್ದು, ಅಂದರೆ ಒತ್ತುತ್ತಿಲ್ಲ, ಅನ್ನುವ ಮಾತಿಗೆ ಆ ಕಾಲಿನಲ್ಲಿ ಬೆಲೆ ಇಲ್ಲ ಅಂತ ಡಾಕ್ಟರಮ್ಮ ಹೇಳಿದ್ದು ಆಗ ನೆನಪಾಗಲಿಲ್ಲ. ಇಟಗಿ ಕಡೆಯ ಹೆಂಗಸರು ತುಂಬಿದ್ದ ಬಸ್ಸಿನಲ್ಲಿ ಅರ್ಧ ದಾರಿ ನಿಂತೇ ಹೋದೆ. ಯಲಬುರ್ಗಾದಲ್ಲಿ ಇಳಿದು ಓಣಿ ದಾಟಿ, ಬಾಗಿಲಲ್ಲಿ ಬೂಟು ಬಿಟ್ಟು, ಕಾಲುಚೀಲದಲ್ಲೇ ಒಳಗೆ ಹೋಗಿ ಕೂತೆ. ಅಕ್ಕಾರು ನೀರು ತಂದವರು ತಂಬಿಗೆ ಹಿಡಿದುಕೊಂಡೇ ನಿಂತುಬಿಟ್ಟರು.

"ಸೀರಿಯಕ್ಕಾ, ಏನ ತುಳದಿ? ಪರಸಿಗಲ್ಲಿನ ಮ್ಯಾಲ ನಿನ್ನ ಹೆಜ್ಜಿ ಕೆಂಪೈತಿ."

ಹೊಸ್ತಿಲ ಕುಂಕುಮ ಹತ್ತಿರಬೇಕು ಅಂದೆ ನಾನು. ಅವರು ಬಗ್ಗಿ ಕಾಲುಚೀಲ ಎಳೆದರು. ಕಿರುಬೆರಳ ಪಕ್ಕ ಬೊಬ್ಬೆ ಎದ್ದು, ಒಡೆದು, ಸುಲಿದು ಹೋಗಿತ್ತು. ಡಾಕ್ಟರಮ್ಮ ಹೇಳಿದ್ದ ಅದೇ ಜಾಗ. ನೋವಿಲ್ಲ, ಏನಿಲ್ಲ. ಇನ್ನೊಬ್ಬರ ಕಾಲು ನೋಡಿದ ಹಾಗೆ ನೋಡಿದೆ.

ಅಕ್ಕಾರ ಮಗ ಸರಕಾರಿ ದವಾಖಾನೆಗೆ ಕರೆದೊಯ್ದು ಪಟ್ಟಿ ಕಟ್ಟಿಸಿದ. ತಿರುಗಿ ಬಂದ ಮೇಲೆ ಅವರು ನನ್ನ ಕಾಲನ್ನು ದಿಂಬಿನ ಮೇಲೆ ಇಡಿಸಿದರು. ಬಾಗಿಲಲ್ಲಿದ್ದ ಬೂಟನ್ನು ತೋರಿಸಿ, "ಅದನ್ನ ಇವತ್ತಾ ವಾಪಸ್ ಕಳಸು" ಅಂದರು.

"ತೊಗೊಳ್ಳಾಂಗಿಲ್ಲಂತ್ರಿ ಅಕ್ಕಾರ. ನಾ ಭಾಳ ವಾಪಸ್ ಕಳಸ್ತೀನಂತ."

ಅವರು ನನ್ನನ್ನು ನೋಡಿದರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಹೊಟ್ಟೆ ಹಿಡಿದು ನಕ್ಕರು. ಒಳಗಿನಿಂದ ಬಸುರಿ ಸೊಸೆ ಬಂದು ಇಣುಕಿದಳು.

"ನೀನಾ?" ಅಂದರು ಅಕ್ಕಾರು. "ಹಂಗಾರ ನಾವಿಬ್ರೂ ಒಂದಾ ಕುಲ ಆದ್ವಿ ಬಿಡು." ನಗು ನಿಂತ ಮೇಲೆ ಸಣ್ಣ ಧ್ವನಿಯಲ್ಲಿ ಹೇಳಿದರು, "ಆ ಅಕ್ಕಿಕಾಳು ನೀ ನೋಡಿದ್ದಿ."

"ನೋಡಿದ್ದೆ."

"ಮಡಚೂವಾಗ ಅಕ್ಷತಿ ಉದುರಿದ್ವು, ಒಂದು ಕಾಳು ಉಳದಿರಬೇಕಂತ ಆಮ್ಯಾಲ ಹೊಳೀತು, ನಿನ್ನ ಮಾರಿ ನೋಡಿ ಖಾತ್ರಿ ಆತು. ಅವತ್ತು ನೀ ಎಲ್ಲಾರ ಎದುರು ಅಂದೀ ಅಂತ ಜೀವ ಕೈಯಾಗ ಹಿಡಕೊಂಡು ನಿಂತಿದ್ದೆ. ನೀ ನೋಡಿದ್ರ ಅದಕ್ಕಿಂತ ಛಲೋದು ಕೊಟ್ಟಿ. ಯಾಕ ಕೊಟ್ಟಿ?"

"ನಿಮ್ಮ ಕಟ್ಟಿನಾ ನನ್ನ ಅಂಗಡಿ ಆಗಿತ್ರಿ ಅಕ್ಕಾರ. ನೀವು ಉಟ್ರ ಓಣಿ ಕೊಳ್ತಿತ್ತು."

"ಕಳ್ಳಿ" ಅಂದರು. "ನಾನಾ ಮೋಸ ಮಾಡೀನಿ ಅಂತ ಇಷ್ಟು ವರ್ಷ ಅಂದ್ಕೊಂಡಿದ್ನಲ್ಲ."

ಸೊಸೆಯನ್ನು ಕರೆದು ಫೋನು ತರಿಸಿದರು. ನಾನು ಬೂಟಿನ ಹೆಸರು ಹೇಳಿದೆ, ಅವಳು ಹುಡುಕಿದಳು. ಆ ಕರಿ ಬೂಟು ಮತ್ತೆ ಬಂದಿತ್ತು, ನನ್ನ ಅಳತೆಯಲ್ಲೇ ಇತ್ತು, ಹತ್ತೊಂಬತ್ತು ನೂರು.

"ನಮ್ಮ ನಂಬರಿನ್ಯಾಗ ತರಸೂಣು," ಅಂದರು ಅಕ್ಕಾರು. "ನಾವು ಇಲ್ಲೀತನಕ ಒಂದೂ ವಾಪಸ್ ಕಳಿಸಿಲ್ಲ. ಹೊಂದಲಿಲ್ಲಂದ್ರ ನಮ್ಮ ಹೆಸರಿನ ಮ್ಯಾಲ ಕಳಸು. ನಿನಗ ಬ್ಯಾಡ ಅಂದ್ರೂ ನಮಗ ಅವರು ಹಂಗ ಅನ್ನೂದಿಲ್ಲ."

ಒಮ್ಮೆ ತರಿಸಿ ವಾಪಸ್ ಕಳಸ್ರಿ, ಇಳೀತೈತಿ ಅನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ನುಂಗಿದೆ. ನನ್ನ ಹೆಸರು ನಾನು ಚೌಕಾಶಿಯಲ್ಲಿ ಕಳೆದುಕೊಂಡೆ, ಅದು ನನ್ನ ಹಕ್ಕು. ಕಲೆ ಹತ್ತದ ಅವರ ಹೆಸರನ್ನು ಐನೂರು ರೂಪಾಯಿಗಾಗಿ ಮುರಿಯಲು ಬರುವುದಿಲ್ಲ. ಮತ್ತೆ, ಬೆಲೆಯಾದರೂ ಕಾದೀತು, ಬೆರಳು ಕಾಯುವುದಿಲ್ಲ. ತರಿಸವ್ವಾ ಅಂದೆ.

ಗಾಯ ಮಾಯುವ ತನಕ ಬೂಟು ಹಾಕುವಂತಿರಲಿಲ್ಲ. ಡಾಕ್ಟರಮ್ಮ ಮೊದಲು ಬೈದರು, ಆಮೇಲೆ ಪ್ರತಿ ಸಲ ಪಟ್ಟಿ ಬಿಚ್ಚುವಾಗ ಸುಮ್ಮನೆ ನೋಡುತ್ತಿದ್ದರು. ಆ ಸುಮ್ಮನಿರುವುದಕ್ಕೇ ನನಗೆ ಹೆಚ್ಚು ಹೆದರಿಕೆ. ಕಡೆಗೆ ಒಂದು ದಿನ, "ಬೆರಳು ನಿಮ್ಮದಾ ಅವ್ವಾರ, ಇಟ್ಕೋರಿ" ಅಂದರು. ಇಕ್ಕಟ್ಟಿನ ಜೋಡಿ ನನ್ನ ಸೊಸೆಯ ಸಣ್ಣ ಪಾದಕ್ಕೆ ಸರಿಯಾಗಿ ಕೂತಿತು. ಅವಳು ಈಗ ಅದನ್ನೇ ಹಾಕಿಕೊಂಡು ಮಗಳನ್ನು ಸಾಲಿಗೆ ಬಿಟ್ಟು ಬರುತ್ತಾಳೆ.

ಕರಿ ಬೂಟಿನ ಡಬ್ಬಿ ಹಿಡಿದು ಅಕ್ಕಾರು ತಾವೇ ಬಸ್ಸಿನಲ್ಲಿ ಭಾಗ್ಯನಗರಕ್ಕೆ ಬಂದರು. ನನ್ನ ಕಾಲಿಗೆ ತಾವೇ ತೊಡಿಸಿ, ಬೆರಳು ತೂರಿಸಿ ಸುತ್ತ ಮುಟ್ಟಿ ನೋಡಿದರು. ಆಮೇಲೆ ಸೀರೆ ತೆಗೆ ಅಂದರು. ಕುಬಸದ ದಿನ ಹತ್ತಿರ ಬಂದಿತ್ತು, ಯಲಬುರ್ಗಾಕ್ಕೆ ಒಯ್ದಿದ್ದ ಸೀರೆಗಳನ್ನು ಅವತ್ತು ಯಾರೂ ಬಿಚ್ಚಿರಲಿಲ್ಲ. ಒಂದು ಹಿಡಿಸಿತು. ಬೆಲೆ ಕೇಳಿದರು, ಹೇಳಿದೆ. ಕಡಿಮೆ ಮಾಡು ಅಂದರು, ಬರೂದಿಲ್ಲ ಅಂದೆ. ಸೀರೆ ಕೆಳಗಿಟ್ಟರು, ಚೀಲ ಹೆಗಲಿಗೆ ಹಾಕಿಕೊಂಡರು, ಅವಸರವಿಲ್ಲದೆ ಹೊಸ್ತಿಲು ದಾಟಿದರು. ತಿರುಗಿ ನೋಡಲಿಲ್ಲ.

"ಅಕ್ಕಾರ, ಬರ್ರಿ ಇಲ್ಲೆ," ಅಂತ ನಾನು ಕರೆದೆ.

ಈಗ ನಿಮಗೆ ಹೇಳುವುದು. ಬೂಟು ಹೊಂದದಿದ್ದರೆ ನಾಚದೆ ವಾಪಸ್ ಕಳಿಸಿ. ಆ ಸೌಲಭ್ಯ ಇರುವುದೇ ಅಂಗಡಿಯ ಬೆಂಚಿನ ಮೇಲೆ ಕಾಲು ಚಾಚಲಾಗದವರಿಗೆ. ಆದರೆ ಹೊಂದಿದ್ದನ್ನು ಬೆಲೆಗಾಗಿ ಕಳಿಸಬೇಡಿ, ಅಲ್ಲಿ ಕರೆಯಲು ಯಾರೂ ಕೂತಿಲ್ಲ. ವಾಪಸ್ ಮಾಡುವುದನ್ನು ಬೇಸಿಗೆಯ ಕೊಡದ ನೀರಿನ ಹಾಗೆ ಅಳೆದು ಖರ್ಚು ಮಾಡಿ, ನಿಜವಾಗಿ ಬೇಕಾದ ದಿನಕ್ಕೆ ಉಳಿದಿರಲಿ. ತರಿಸುವ ಮೊದಲು ಸಂಜೆಯ ಹೊತ್ತು, ಪಾದ ಊದಿರುವಾಗ, ನಿಂತುಕೊಂಡು ಕಾಗದದ ಮೇಲೆ ಪಾದದ ಸುತ್ತ ಗೆರೆ ಎಳೆಸಿ. ಎರಡೂ ಕಾಲಿನದು ಎಳೆಸಿ, ದೊಡ್ಡದರ ಅಳತೆಗೆ ತರಿಸಿ. ಚಿತ್ರ ಒಂದೇ ಆದರೂ ಮಾರುವವನ ಹೆಸರು ಒಂದೇ ಏನು ಅಂತ ಓದಿಸಿಕೊಳ್ಳಿ. ಜಮಖಾನದ ಮೇಲೆ ನಡೆಯಿರಿ, ಬೂಟಿಗೆ ಕಟ್ಟಿದ ಚೀಟಿ ಹರಿಯಬೇಡಿ. ಸಕ್ಕರೆ ಕಾಯಿಲೆ ಇದ್ದರೆ ನಿಮ್ಮ ಕಾಲಿನ ಮಾತು ನಂಬಬೇಡಿ, ಇನ್ನೊಬ್ಬರ ಬೆರಳು ಒಳಗೆ ಹೋಗಿ ನೋಡಲಿ. ಬೂಟು ಬಿಚ್ಚಿದ ಮೇಲೆ ದಿನಾ ಪಾದದ ಅಡಿ ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ಮನೆಯಲ್ಲಿ ಯಾರಿದ್ದಾರೋ ಅವರನ್ನು ಕರೆಯಿರಿ.